ಸ್ಟೆಮ್ ಸೆಲ್ ಸಾಕುವ ಗಂಡ

ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಟೆಮ್ ಸೆಲ್ ಬೆಳೆಸುವವನನ್ನು ಕಟ್ಟಿಕೊಂಡ ಹೆಂಗಸಿನ ಪಾಡು ಶತ್ರುವಿಗೂ ಬೇಡ. ಲಿವರ್ ಹಠಾತ್ತನೆ ಕೈಕೊಟ್ಟ ರೋಗಿಗಳಿಗೆ ಕೊಟ್ಟುನೋಡಲೆಂದು, ಅವರದೇ ಮೂಳೆಮಜ್ಜೆಯಿಂದ ತೆಗೆದು ಬೆಳೆಸುವ ಆ ಕೋಶಗಳಿಗೆ ಎರಡು ದಿನಕ್ಕೊಮ್ಮೆ ಆಹಾರದ ದ್ರವ ಬದಲಿಸಲೇಬೇಕಂತೆ, ಭಾನುವಾರವೆಂದರೂ ಬಿಡುವಿಲ್ಲ. ನಾದಿನಿಯ ಮದುವೆಯಲ್ಲಿ ಎಲ್ಲರೂ ಫೋಟೋಗೆ ನಿಂತಾಗ, "ಅವಕ್ಕೆ ಹೊಟ್ಟೆಗೆ ಹಾಕಿ ಬಂದ್ಬಿಡ್ತೀನಿ ಕಣೇ" ಎಂದು ಹೊರಟ ಮಹಾಶಯ ಮರಳುವಾಗ ಬಾಡಿಗೆ ಕುರ್ಚಿಗಳು ಗಾಡಿ ಏರುತ್ತಿದ್ದವು. ಸ್ವಂತ ಮಗಳು ಕೆಮ್ಮಿದರೆ ತಲೆಯೆತ್ತದವನು ಲ್ಯಾಬಿನಿಂದ ಫೋನ್ ಬಂದರೆ ಮೈತುಂಬ ಸೋಪಿನ ನೊರೆಯಲ್ಲೇ ಓಡಿಬಂದು, "ಬಿಸಿ ಮೂವತ್ತೇಳು ಡಿಗ್ರಿ ದಾಟಿಲ್ಲ ತಾನೇ? ತಟ್ಟೆ ಅಲ್ಲಾಡಿಸ್ಬೇಡಿ, ಪಾಪ!" ಎನ್ನುತ್ತಾನೆ. "ಹೆಸರೂ ಇಟ್ಟಿರಬೇಕಲ್ಲ?" ಎಂದು ಹೆಂಡತಿ ಚುಚ್ಚಿದರೆ, "ಇಲ್ಲ, ನಂಬರ್ ಇದೆ" ಎಂದು ಗಂಭೀರವಾಗಿ ಉತ್ತರಿಸುತ್ತಾನೆ. ಇಂಥವನ ಜೊತೆ ಜಗಳವಾಡುವುದಾದರೂ ಹೇಗೆ? ಕಳೆದ ತಿಂಗಳು ಒಬ್ಬ ಬಸ್ ಡ್ರೈವರನ ಕೋಶಗಳು ಚೆನ್ನಾಗಿ ಬೆಳೆಯುತ್ತಿದ್ದವು. ಇನ್ನೆರಡೇ ದಿನ ಬೇಕಿತ್ತು. ಶನಿವಾರ ಸಂಜೆ ವಾರ್ಡಿನಿಂದ ಫೋನ್ ಬಂತು, ಡ್ರೈವರ್ ಹೋಗಿಬಿಟ್ಟನಂತೆ. ಭಾನುವಾರ ಬೆಳಿಗ್ಗೆ ನೋಡಿದರೆ ಇವನು ಎಂದಿನಂತೆ ಬೂಟು ಹಾಕುತ್ತಿದ್ದಾನೆ! "ಆ ಮನುಷ್ಯನೇ ಇಲ್ಲ, ಇನ್ಯಾರಿಗೆ ಊಟ ಹಾಕೋಕೆ ಹೊರಟ್ರಿ?" ಎಂದು ಅವಳು ರೇಗಿದಳು. ಅವನು ಬೂಟಿನ ದಾರ ಬಿಗಿದು ಎದ್ದ. "ಊಟ ಹಾಕೋಕಲ್ಲ ಕಣೇ, ಎಸೆಯೋಕೆ. ಅವು ಇನ್ನೂ ಬದುಕಿವೆ. ಬೇರೆಯವರ ಕೈಲಿ ಮಾಡಿಸೋಕೆ ಮನಸ್ಸಾಗ್ಲಿಲ್ಲ."