ಮುಂಡಪ್ಪಣ್ಣನ ಕಂಪ್ಯೂಟರಿನೊಳಗಿನ ನೆಂಟರು

ಶಿರ್ತಾಡಿಯ ಮುಂಡಪ್ಪಣ್ಣ ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದವರು. ಬಸ್ಸು ಒಂದು ನಿಮಿಷ ತಡವಾದರೆ ಡ್ರೈವರನ ಏಳು ತಲೆಮಾರನ್ನು ಎತ್ತಿ ಆಡುವ ಬಾಯಿ ಅವರದು. ಆದರೆ ಎದುರಿನ ಹೋಟೆಲಿನಿಂದ ನೆಂಟರೊಬ್ಬರು ಕೈಯೆತ್ತಿ, “ಮುಂಡಪ್ಪಾ, ಚಾ ಕುಡಿದು ಬಂದೆ” ಎಂದರೆ ಮುಗಿಯಿತು. ವೇಣೂರಿನ ಬಸ್ಸು ಗುರುಗುಟ್ಟುತ್ತ ಅಲ್ಲೇ ನಿಲ್ಲುತ್ತಿತ್ತು, ಒಳಗೆ ಕುಳಿತವರು ಶಾಪ ಹಾಕುತ್ತಿದ್ದರು, ಮುಂಡಪ್ಪಣ್ಣ ವಾಚನ್ನು ಬಿಟ್ಟು ಆಕಾಶ ನೋಡುತ್ತಿದ್ದರು. ದಾಕ್ಷಿಣ್ಯ ಕೆಲವರಿಗೆ ಗುಣ, ಇವರಿಗೆ ಕಾಯಿಲೆ. ನಿವೃತ್ತರಾದ ಮೇಲೆ ಆ ಕಾಯಿಲೆ ಬಸ್ ಸ್ಟ್ಯಾಂಡಿನಿಂದ ಮನೆಯ ಕಂಪ್ಯೂಟರಿಗೆ ದಾಟಿತು.

ಆ ಕಂಪ್ಯೂಟರ್ ಮಗಳು ದೀಕ್ಷಿತಾ ಕಾಲೇಜಿಗೆ ಹೋಗುವಾಗ ತಂದದ್ದು. ಮಗಳು ಮದುವೆಯಾಗಿ ಬಂಟ್ವಾಳಕ್ಕೆ ಹೋದಳು, ಕಂಪ್ಯೂಟರ್ ತವರಿನಲ್ಲೇ ಉಳಿಯಿತು. ಮನೆಗೆ ಬಂದ ನೆಂಟರೆಲ್ಲ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, “ಇದಕ್ಕೆ ಒಂದು ಒಳ್ಳೆಯದು ಹಾಕಿ ಕೊಡ್ತೇನೆ” ಎಂದು ಅದರ ಮುಂದೆ ಕೂರುವುದು ರೂಢಿಯಾಯಿತು. ಅಕ್ಕನ ಗಂಡ, ವೇಣೂರಿನ ಸುಧಾಕರ ಭಾವ ಪಂಚಾಂಗ ಹಾಕಿದರು. ಸ್ವಿಚ್ ಒತ್ತಿದ ಕೂಡಲೇ ಅದು ರಾಹುಕಾಲ ಯಾವಾಗ ಎಂದು ಹೇಳುತ್ತಿತ್ತು. ಸಾಲದ್ದಕ್ಕೆ ಒಂದು ಆಂಟಿವೈರಸ್ಸನ್ನೂ ಹಾಕಿದರು. ಹೆಂಡತಿಯ ತಮ್ಮ ರಂಜಿತ್, “ಅದು ಪ್ರಯೋಜನ ಇಲ್ಲ ಭಾವ” ಎಂದು ಇನ್ನೊಂದು ಆಂಟಿವೈರಸ್ ಹಾಕಿದ. ಮೊದಲಿನದ್ದನ್ನು ತೆಗೆಯಲು ಮುಂಡಪ್ಪಣ್ಣ ಬಿಡಲಿಲ್ಲ. ಹೀಗೆ ಕನ್ನಡ ಬರೆಯಲು ಮೂರು ಬಗೆ, ಫೋಟೋ ನೋಡಲು ಪೊಳಲಿಯ ನೆಂಟರು ಹಾಕಿದ್ದೂ ಸೇರಿ ನಾಲ್ಕು ಬಗೆ, ಯಾವತ್ತೋ ಸತ್ತ ಪ್ರಿಂಟರಿನ ಯೋಗಕ್ಷೇಮ ವಿಚಾರಿಸುವ ಒಂದು ಪ್ರೋಗ್ರಾಮು, ಎಲ್ಲ ಸೇರಿ ಒಳಗೆ ಸಂತೆ ನೆರೆಯಿತು.

ಮುಂಡಪ್ಪಣ್ಣ ಬೆಳಿಗ್ಗೆ ಸ್ವಿಚ್ ಹಾಕಿ, ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ, ಮಿಂದು, ದೇವರಿಗೆ ದೀಪವಿಟ್ಟು ಬಂದರೆ ಪರದೆಯ ಮೇಲೆ ಇನ್ನೂ ಒಂದು ವೃತ್ತ ಸುತ್ತುತ್ತಿರುತ್ತಿತ್ತು. ಅವರಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ಆಯುಧಪೂಜೆಯ ದಿನ ಅದಕ್ಕೊಂದು ಚೆಂಡು ಮಲ್ಲಿಗೆ ಮುಡಿಸಿ ಕೈ ಮುಗಿಯುತ್ತಿದ್ದರು. ಅದಕ್ಕಿಂತ ಹೆಚ್ಚಿನ ವ್ಯವಹಾರ ಇಬ್ಬರ ನಡುವೆ ಇರಲಿಲ್ಲ.

ತೊಂದರೆ ಆದದ್ದು ಹೆಂಡತಿ ಸ್ವರ್ಣಲತಾ ಅವರಿಗೆ. ಆಕೆ ಟೀಚರ್ ತರಬೇತಿ ಮುಗಿಸಿಯೂ, ಮದುವೆ, ಬಾಣಂತನ, ಅತ್ತೆಯ ಕಾಯಿಲೆ ಎಂದು ಒಂದು ದಿನವೂ ಪಾಠ ಮಾಡದೆ ಉಳಿದವರು. ಆ ಹಂಬಲ ಒಣಗಿಹೋಗಿದೆ ಎಂದು ಅವರೇ ತಿಳಿದಿದ್ದರು. ಈ ವರ್ಷ ದುಬೈಯಲ್ಲಿರುವ ಊರಿನವರು ತಮ್ಮ ಮಕ್ಕಳಿಗೆ ಆದಿತ್ಯವಾರ ಸಂಜೆ ನಾಲ್ಕು ಗಂಟೆಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತೀರಾ ಎಂದು ಕೇಳಿದಾಗ ಆಕೆ ಕುಣಿಯದೆ ಇದ್ದದ್ದು ಮಂಡಿನೋವಿನಿಂದ ಮಾತ್ರ. ಅಕ್ಷರ ಬರೆದು ತೋರಿಸಬೇಕು, ಎಲ್ಲ ಮಕ್ಕಳ ಮುಖ ಒಟ್ಟಿಗೆ ಕಾಣಬೇಕು. ಮೊಬೈಲಿನಲ್ಲಿ ಆಗುವ ಕೆಲಸವಲ್ಲ. ಮೊದಲ ಆದಿತ್ಯವಾರ ಕಂಪ್ಯೂಟರ್ ಎದ್ದಾಗ ಮಕ್ಕಳು ಆಟಕ್ಕೆ ಹೋಗಿಯಾಗಿತ್ತು.

ಮರುದಿನವೇ ಮುಂಡಪ್ಪಣ್ಣ ಮೂಡುಬಿದಿರೆಯಿಂದ ಕಂಪ್ಯೂಟರ್ ರಿಪೇರಿಯ ಶಾಫಿಯನ್ನು ಕರೆತಂದರು. ಶಾಫಿ ಕಾದು ಕಾದು ಒಂದು ಚಾ ಕುಡಿದು, ಇನ್ನೊಂದನ್ನೂ ಕುಡಿದು, ಕೊನೆಗೆ ಪರದೆ ನೋಡಿ ನಕ್ಕ.

“ಮುಂಡಪ್ಪಣ್ಣ, ಇದಕ್ಕೆ ವಯಸ್ಸಾದದ್ದು ಹೌದು, ಆದ್ರೆ ಕಾಯಿಲೆ ಅದಲ್ಲ. ಸ್ವಿಚ್ ಹಾಕಿದ ಕೂಡ್ಲೆ ಇಷ್ಟೂ ಪ್ರೋಗ್ರಾಮು ಒಟ್ಟಿಗೆ ಏಳ್ತವೆ ನೋಡಿ. ಈ ಎರಡು ಆಂಟಿವೈರಸ್ಸು ಒಂದನ್ನೊಂದು ಕಳ್ಳ ಅಂತ ಹಿಡ್ಕೊಂಡು ಕೂತಿವೆ. ಇಲ್ಲಿ ಒಂದೊಂದನ್ನೇ ಒತ್ತಿ ಬಂದ್ ಮಾಡುವ, ಆಯ್ತು.”

“ತೆಗೀಬೇಡ ಮಾರಾಯ! ಅದು ಭಾವ ಹಾಕಿದ್ದು.”

“ತೆಗೆಯುವುದಿಲ್ಲ. ಒಳಗೇ ಇರ್ತದೆ. ಕರೆದ್ರೆ ಬರ್ತದೆ, ಕರೆಯದೆ ಬರುವುದಿಲ್ಲ, ಅಷ್ಟೆ.”

“ಅದನ್ನೇ ನಾನು ಹೇಳುವುದು! ಕರೆಯದೆ ಬರುವ ಹಕ್ಕು ಭಾವನಿಗೆ ಉಂಟಲ್ಲ. ಒಂದು ಮಾತು ಕೇಳದೆ ಹೇಗೆ?”

ಇಂಥ ಮಾತನ್ನು ಫೋನಿನಲ್ಲಿ ಕೇಳುವುದು ಮರ್ಯಾದೆಯಲ್ಲ. ಮದುವೆಯ ಕಾಗದ ಹೇಗೋ ಇದೂ ಹಾಗೆ. ಮನೆಗೇ ಹೋಗಬೇಕು, ಬೆಲ್ಲ ನೀರು ಕುಡಿಯಬೇಕು, ಅಡಿಕೆಯ ರೇಟು ಮಾತಾಡಬೇಕು, ಏಳುವಾಗ ಹೇಳಬೇಕು. ಮುಂಡಪ್ಪಣ್ಣ ಸ್ಕೂಟರ್ ಹತ್ತಿ ವೇಣೂರಿಗೆ ಹೋದರು, ಪೊಳಲಿಗೆ ಹೋದರು, ರಂಜಿತನ ಮನೆಗೆ ಬೆಳ್ತಂಗಡಿಗೂ ಹೋದರು. ಎಲ್ಲ ಕಡೆ ಬೆಲ್ಲ ನೀರು ಕುಡಿದರು. ಆದರೆ “ನಿಮ್ಮದನ್ನು ಬಂದ್ ಮಾಡಲೇ?” ಎಂಬ ಮಾತು ಬಾಯಿಗೆ ಬರಬೇಕಲ್ಲ! “ಕಂಪ್ಯೂಟರ್ ಸ್ವಲ್ಪ ನಿಧಾನ ಉಂಟು” ಎಂದಷ್ಟೇ ಹೇಳಿ, ಹಲ್ಲು ಕಿರಿದು ಬಂದರು.

ನೆಂಟರು ಸುಮ್ಮನಿರುತ್ತಾರೆಯೇ? ಆ ವಾರವೆಲ್ಲ ಒಬ್ಬೊಬ್ಬರಾಗಿ ಬಂದರು. ಸುಧಾಕರ ಭಾವ ವೇಗ ಹೆಚ್ಚಿಸುವ ಪ್ರೋಗ್ರಾಮು ಹಾಕಿದರು. ರಂಜಿತ್ ಕಸ ಗುಡಿಸುವ ಪ್ರೋಗ್ರಾಮು ಹಾಕಿದ. ಪೊಳಲಿಯ ನೆಂಟರು ಹಾಕಿದ್ದು ಕಂಪ್ಯೂಟರ್ ಏಳಲು ಎಷ್ಟು ತಡವಾಯಿತೆಂದು ತಿಳಿಸುವ ಪ್ರೋಗ್ರಾಮು; ಎಲ್ಲಕ್ಕಿಂತ ತಡವಾಗಿ ಏಳುತ್ತಿದ್ದದ್ದು ಅದೇ. ಎಲ್ಲರಿಗೂ ಕೋರಿ ರೊಟ್ಟಿ ಮಾಡಿ ಬಡಿಸಿದ್ದು ಸ್ವರ್ಣಲತಾ.

ಎರಡನೆಯ ಆದಿತ್ಯವಾರ ಆಕೆ ಮೂರಕ್ಕೇ ಸ್ವಿಚ್ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಕುಳಿತರು. ನಾಲ್ಕಾಯಿತು, ನಾಲ್ಕೂವರೆಯಾಯಿತು. ದುಬೈಯಿಂದ ಫೋನ್ ಬಂತು. “ಟೀಚರ್, ಬೇಸರ ಮಾಡ್ಬೇಡಿ. ಮುಂದಿನ ವಾರವೂ ಹೀಗಾದ್ರೆ ಬೇರೆಯವರನ್ನು ನೋಡ್ಬೇಕಾಗ್ತದೆ.”

ಸ್ವರ್ಣಲತಾ ಸಿಡುಕಲಿಲ್ಲ. ಸಿಡುಕಿದ್ದರೆ ಮುಂಡಪ್ಪಣ್ಣ ಪಾರಾಗುತ್ತಿದ್ದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ನನ್ನನ್ನು ಟೀಚರ್ ಅಂತ ಕರೆದದ್ದು ಇವರು ಮಾತ್ರ” ಎಂದರು. ದಾಕ್ಷಿಣ್ಯಕ್ಕೆ ಬಸಿರಾಗಿ ಹೆರಲು ಜಾಗವಿಲ್ಲ ಎನ್ನುತ್ತಾರೆ. ಇಲ್ಲಿ ದಾಕ್ಷಿಣ್ಯ ಮುಂಡಪ್ಪಣ್ಣನದು, ಹೆರಿಗೆಯ ನೋವು ಆಕೆಯದು.

ಮರುದಿನ ಬೆಳಿಗ್ಗೆ, ಸ್ವರ್ಣಲತಾ ಹಾಲಿನ ಸೊಸೈಟಿಗೆ ಹೋಗಿದ್ದಾಗ, ಅವರು ಕಂಪ್ಯೂಟರಿನ ಮುಂದೆ ಕುಳಿತು ಶಾಫಿ ತೋರಿಸಿದ್ದ ಜಾಗ ತೆರೆದರು. “ಬೇಸರ ಮಾಡ್ಬೇಡಿ ಭಾವ” ಎನ್ನುತ್ತ ಪಂಚಾಂಗವನ್ನೂ ವೇಗದ ಪ್ರೋಗ್ರಾಮನ್ನೂ ಬಂದ್ ಮಾಡಿದರು. “ಕ್ಷಮಿಸು ರಂಜಿತ್” ಎಂದು ಅವನದನ್ನು, ಹೀಗೇ ಉಳಿದವರದನ್ನೂ. ಆಂಟಿವೈರಸ್ಸುಗಳಲ್ಲಿ ಒಂದನ್ನು ಕಿತ್ತೇ ಹಾಕಿದರು. ಯಾರದ್ದೆಂದು ಇವತ್ತಿಗೂ ಬಾಯಿಬಿಟ್ಟಿಲ್ಲ. ಮತ್ತೆ ಸ್ವಿಚ್ ಹಾಕಿ, ಅಭ್ಯಾಸಬಲದಿಂದ ಹಟ್ಟಿಗೆ ಹೊರಟವರು ಮೆಟ್ಟಿಲು ಇಳಿಯುವಷ್ಟರಲ್ಲಿ ಕಂಪ್ಯೂಟರ್ ಟಣ್ ಎಂದಿತು. ಅವರಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಮೂರನೆಯ ಆದಿತ್ಯವಾರ ನಾಲ್ಕಕ್ಕೆ ಸರಿಯಾಗಿ ಕೋಣೆಯೊಳಗೆ ಪಾಠ ಶುರುವಾಯಿತು. ನಾಲ್ಕೂಕಾಲಿಗೆ ಅಂಗಳದಲ್ಲಿ ಸುಧಾಕರ ಭಾವನ ಕಾರು ನಿಂತಿತು. ಮುಚ್ಚಿದ ಬಾಗಿಲಿನಾಚೆ ಮಕ್ಕಳ ಗದ್ದಲ ಕೇಳಿ ಅವರ ಮುಖ ಅರಳಿತು.

“ನೋಡಿದಿಯಾ? ನಾನು ಹಾಕಿದ್ದು ಕೆಲಸ ಮಾಡಿತು!”

“ಹೌದು ಭಾವ” ಎಂದರು ಮುಂಡಪ್ಪಣ್ಣ. ಸುಳ್ಳಿಗೆ ಅವರ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

“ಇದರದ್ದೇ ಹೊಸತು ಬಂದಿದೆ. ಪೆನ್ ಡ್ರೈವಿನಲ್ಲಿ ಉಂಟು. ಒಂದು ನಿಮಿಷ, ಹಾಕಿ ಬಿಡುವ” ಎಂದು ಭಾವ ಬಾಗಿಲಿನತ್ತ ನಡೆದರು.

ಮುಂಡಪ್ಪಣ್ಣ ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕುಳಿತರು.

“ಕ್ಲಾಸ್ ನಡೀತಾ ಉಂಟು ಭಾವ.”

“ಆಯ್ತು, ಮುಗೀಲಿ. ಕಾಯ್ತೇನೆ.”

“ಮುಗಿದ ಮೇಲೂ ಬೇಡ.”

ಸುಧಾಕರ ಭಾವ ಪೆನ್ ಡ್ರೈವನ್ನೂ ಮುಂಡಪ್ಪಣ್ಣನನ್ನೂ ನೋಡಿದರು. “ಓ, ನಾವು ಬೇಡ ಆದೆವಾ?” ಎಂದರು.

“ಕಂಪ್ಯೂಟರಿಗೆ ಮಾತ್ರ ಬೇಡ ಭಾವ. ನೀವು ಕೂತ್ಕೊಳ್ಳಿ, ರಾತ್ರಿ ಊಟಕ್ಕೆ ಅಂಜಲ್ ಮೀನು ಉಂಟು.”

ಭಾವ ಕೂರಲಿಲ್ಲ. ಕಾರು ಅಂಗಳದಲ್ಲಿ ಒಂದು ಸುತ್ತು ತಿರುಗಿ ಹೊರಟುಹೋಯಿತು. ಓಡಿಹೋಗಿ ಕಾರಿಗೆ ಅಡ್ಡ ನಿಲ್ಲಬೇಕೆಂದು ಮುಂಡಪ್ಪಣ್ಣನಿಗೆ ಅನಿಸಿತು, ಏಳಲಿಲ್ಲ. ಒಳಗೆ ಮಕ್ಕಳು ಒಟ್ಟಾಗಿ “ಅ, ಆ” ಎನ್ನುತ್ತಿದ್ದರು, ಸ್ವರ್ಣಲತಾ ತಿದ್ದುತ್ತಿದ್ದರು.

ಪಾಠ ಮುಗಿಸಿ ಬಾಗಿಲು ತೆರೆದವರು, “ಭಾವನ ಸ್ವರ ಕೇಳಿದ ಹಾಗಾಯ್ತು?” ಎಂದರು.

“ಹೋದರು.”

“ಚಾ ಕುಡಿಯದೆ?”

“ಕುಡಿಯದೆ.”

“ಥೂ, ಒಂದು ಚಾ ಆದರೂ ಕೊಡಬಾರದಿತ್ತಾ? ಅಕ್ಕ ಏನು ಹೇಳಿಯಾರು?” ಎಂದು ಬೈಯುತ್ತಲೇ ಆಕೆ ಅಡುಗೆಮನೆಗೆ ಹೋದರು. ರಾತ್ರಿಯೂ ಬೈದರು. ಬೈಯುತ್ತಲೇ, ನೆಂಟರು ಬಂದರೆ ಬೇಕೆಂದು ತೆಗೆದಿಟ್ಟಿದ್ದ ಅಂಜಲಿನ ನಡುವಿನ ದಪ್ಪ ತುಂಡನ್ನು ತಂದು ಗಂಡನ ಬಟ್ಟಲಿಗೆ ಹಾಕಿದರು.