ಕೆಂಪು ಕಾರಿನ ಹಳದಿ ದೀಪ

1996ರಲ್ಲಿ ನಾನು ಶ್ರೀರಂಗಪಟ್ಟಣದಲ್ಲಿ ಸ್ವಂತ ಗ್ಯಾರೇಜ್ ನಡೆಸುತ್ತಿದ್ದೆ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಲಾರಿ, ಟ್ರಾಕ್ಟರುಗಳ ಎಂಜಿನ್ ಬಿಚ್ಚಿ ಕಟ್ಟಿದವನು. ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ರೋಗ ಹೇಳುತ್ತೇನೆಂಬ ಹೆಸರಿತ್ತು. ಆ ಬಗ್ಗೆ ನನಗೆ ಜಂಬವೂ ಇತ್ತು.

ಆ ಬೇಸಿಗೆಯಲ್ಲಿ ಬಿಂಡಿಗನವಿಲೆಯ ರಾಮೇಗೌಡ ಒಂದು ಕೆಂಪು ಕಾರು ತಂದು ನಿಲ್ಲಿಸಿದ. ಕೆ.ಆರ್. ಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ, ಮೂವತ್ತರ ಆಸುಪಾಸಿನವನು. ಕಾರು ಜಪಾನಿನದು, ಎರಡೇ ಬಾಗಿಲು, ನೆಲಕ್ಕೆ ತಾಗುವಷ್ಟು ತಗ್ಗು. ಬೆಂಗಳೂರಿನವರೊಬ್ಬರು ಏಳು ವರ್ಷ ಓಡಿಸಿ ಇವನಿಗೆ ಮಾರಿದ್ದರು. ಜೊತೆಯಲ್ಲಿ ಅವನ ಅಕ್ಕ ಜಯಮ್ಮ ಇದ್ದರು. ಅವರಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಅಕ್ಕ, ತಮ್ಮ ಇಬ್ಬರೂ ತಮ್ಮದೇ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು.

“ಈ ಗಾಡಿ ಶುರುವಾದ್ರೆ ಅಕ್ಕನ ಮುಖ ನೋಡ್ಬೇಕು ಕಣಣ್ಣ. ಅದ್ಕೇ ತಗಂಡೆ,” ಎಂದ.

ತೊಂದರೆ ಏನೆಂದರೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಗುರುತಿನ ಹಳದಿ ದೀಪ ಆಗಾಗ ಹತ್ತುತ್ತಿತ್ತು, ತಾನಾಗಿಯೇ ಆರುತ್ತಿತ್ತು. ಹಿಂದಿನ ವಾರ ಬೆಳ್ಳೂರಿನ ಹತ್ತಿರ ಲಾರಿಯನ್ನು ಹಿಂದೆ ಹಾಕುವಾಗ ಅದು ಹತ್ತಿ, ಎಂಜಿನ್ ಎಳೆತವೇ ನಿಂತುಹೋಗಿತ್ತು. ಎದುರಿಗೆ ಬಸ್ಸು.

“ಬಸ್ಸಿನೋನು ಮಣ್ಣಿಗಿಳಿಸ್ದ, ಅದ್ಕೇ ಉಳ್ಕಂಡೊ. ಅಕ್ಕನ್ನ ಇದ್ರಲ್ಲಿ ಕೂರಿಸ್ಬ್ಯಾಡ ಅಂತಾವ್ಳೆ ನಮ್ಮವ್ವ. ಸರಿಯೋಗ್ನಿಲ್ಲ ಅಂದ್ರೆ ಮಾರ್ಬುಡ್ತೀನಿ.”

ಕಾರ್ಬುರೇಟರ್ ಇಲ್ಲದ ಎಂಜಿನ್ ನನಗೆ ಹೊಸದು. ಅದರಲ್ಲಿ ಪೆಟ್ರೋಲಿನ ಅಳತೆ ನಿರ್ಧರಿಸುವುದು ಕಂಪ್ಯೂಟರಿನ ಪೆಟ್ಟಿಗೆ. ಬೇರೆ ಬೇರೆ ಸೆನ್ಸರ್‌ಗಳು ಅದಕ್ಕೆ ಸುದ್ದಿ ಕಳಿಸುತ್ತವೆ. ಸುದ್ದಿ ತಪ್ಪಿದರೆ ದೀಪ ಹತ್ತುತ್ತದೆ. ಬಾನೆಟ್ ಕೆಳಗಿನ ಪುಟ್ಟ ಡಬ್ಬಿಯ ಎರಡು ತೂತುಗಳಿಗೆ ತಂತಿ ಸಿಕ್ಕಿಸಿ ಕೀಲಿ ತಿರುಗಿಸಿದರೆ, ಅದೇ ದೀಪ ಮಿಟುಕಿ ದೋಷದ ಅಂಕಿ ಹೇಳುತ್ತದೆಂದು ಬೆಂಗಳೂರಿನ ಗೆಳೆಯ ಫೋನಿನಲ್ಲಿ ತಿಳಿಸಿದ. ಆ ಪುಟಗಳ ಜೆರಾಕ್ಸನ್ನೂ ಕಳಿಸಿದ.

ತಂತಿ ಸಿಕ್ಕಿಸಿ, ಕೀಲಿ ತಿರುಗಿಸಲು ರಾಮೇಗೌಡನಿಗೆ ಹೇಳಿ, ದೀಪ ನೋಡಲು ನಾನು ಬಾಗಿಲ ಕಡೆ ಓಡುವಷ್ಟರಲ್ಲಿ, ಒಳಗೆ ಕೂತಿದ್ದ ಜಯಮ್ಮ ಮೊದಲು ಮೂರು ಬೆರಳು, ಆಮೇಲೆ ಒಂದು ಬೆರಳು ಎತ್ತಿ ತೋರಿಸಿದರು. ಯಾರೂ ಅವರಿಗೆ ಎಣಿಸಲು ಹೇಳಿರಲಿಲ್ಲ. ಮೂವತ್ತೊಂದು. ಪುಟ ತಿರುವಿದೆ: ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್. ಯಂತ್ರವೊಂದು ತನ್ನ ನೋವಿನ ಜಾಗವನ್ನು ತಾನೇ ಹೇಳಿದ್ದನ್ನು ಕಂಡು ಮೈ ಜುಮ್ಮೆಂದಿತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಸೆನ್ಸರ್ ಒರೆಸಿ ಕೂರಿಸಿ, ಪಾಲಹಳ್ಳಿಯವರೆಗೆ ಓಡಿಸಿ ನೋಡಿದೆ. ದೀಪ ಹತ್ತಲಿಲ್ಲ. ನಾಲ್ಕನೇ ದಿನಕ್ಕೆ ಕಾರು ವಾಪಸು ಬಂತು. ಬೆಂಗಳೂರಿನಿಂದ ಬೇರೆ ಸೆನ್ಸರ್ ತರಿಸಿ ಹಾಕಿದೆ. ಹತ್ತು ದಿನಕ್ಕೆ ಮತ್ತೆ ಬಂತು, ಮತ್ತೆ ಅದೇ ಮೂವತ್ತೊಂದು. ವೈರುಗಳನ್ನು ಒಂದೊಂದಾಗಿ ಸವರಿ ನೋಡಿದೆ, ಎಲ್ಲೂ ಸಿಪ್ಪೆ ಸುಲಿದಿರಲಿಲ್ಲ. ಎಂಜಿನ್ನಿನ ಸದ್ದೂ ನನ್ನ ಕಿವಿಗೆ ಚೊಕ್ಕವಾಗಿತ್ತು.

“ಬುಡಣ್ಣ, ಗಿರಾಕಿ ಅವ್ರೆ, ಕೊಟ್ಬುಡ್ತೀನಿ,” ಎಂದ ರಾಮೇಗೌಡ. ಜಯಮ್ಮ ಅವನ ತುಟಿಯನ್ನೇ ನೋಡುತ್ತಿದ್ದರು. ಮುಖ ಬಾಡಿತು.

ಇನ್ನೊಂದು ದಿನ ಕೊಡು ಎಂದು ಕೇಳಿಕೊಂಡೆ. ಮರುದಿನ ಬೆಳಿಗ್ಗೆ ಮೂವರೂ ಹೊರಟೆವು. ರಾಮೇಗೌಡ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ಜಯಮ್ಮ, ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಮಂಡಿ ಮಡಚಿಕೊಂಡು ನಾನು. ಪಾಂಡವಪುರ ದಾಟಿ ಮೇಲುಕೋಟೆಯ ಏರು ಹತ್ತತೊಡಗಿದೆವು. ಜಯಮ್ಮ ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಊರಿ ಕೂತಿದ್ದರು. ಇದ್ದಕ್ಕಿದ್ದಂತೆ ಅವರ ಕೈ ಮೇಲೆದ್ದಿತು. ಅದರ ಹಿಂದೆಯೇ ದೀಪ ಹತ್ತಿತು.

ಕಾಕತಾಳೀಯ ಅಂದುಕೊಂಡೆ. ಏರಿನ ಬುಡಕ್ಕೆ ಇಳಿದು ಕಾರನ್ನು ಮತ್ತೆ ಹತ್ತಿಸಿದೆವು. ಮತ್ತೆ ಮೊದಲು ಕೈ, ಆಮೇಲೆ ದೀಪ. ಮೂರನೇ ಸಲ ನಾನು ದೀಪ ನೋಡುವುದನ್ನು ಬಿಟ್ಟು ಅವರನ್ನೇ ನೋಡಿದೆ. ಕೈ ಎದ್ದಿತು. ದೀಪ ಹತ್ತಿತು.

“ಏನು ಗೊತ್ತಾಯ್ತದೆ ಅಂತ ಕೇಳಪ್ಪ,” ಎಂದೆ.

ಜಯಮ್ಮ ಎಡಗಾಲನ್ನು ಮುಟ್ಟಿ ತೋರಿಸಿ, ಮುಷ್ಟಿಯಿಂದ ಅಂಗೈಗೆ ಒಮ್ಮೆ ಗುದ್ದಿದರು. ರಾಮೇಗೌಡ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ.

“ಎಡಗಾಲ ಕೆಳಗೆ ಏನೋ ಗುದ್ತದಂತೆ. ಮೊದ್ಲ ದಿನದಿಂದ್ಲೂ ಇದ್ನೇ ಏಳ್ತಾವ್ಳೆ ಕಣಣ್ಣ. ಎದ್ರುಕೊಂಡವ್ಳೆ ಅಂದ್ಕಂಡಿದ್ದೆ ನಾನು.”

ಅಲ್ಲೇ ಬಾನೆಟ್ ಎತ್ತಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು ಕ್ಲಚ್ಚನ್ನು ಮೆಲ್ಲಗೆ ಬಿಡಲು ರಾಮೇಗೌಡನಿಗೆ ಹೇಳಿ, ಪಕ್ಕಕ್ಕೆ ನಿಂತು ನೋಡಿದೆ. ಎಂಜಿನ್ನಿನ ಎಡಬದಿ ನಾಲ್ಕು ಬೆರಳು ಮೇಲೆದ್ದು ದಪ್ಪನೆ ಕೂತಿತು. ಎಂಜಿನ್ನನ್ನು ಹೊತ್ತು ಕೂರುವ ರಬ್ಬರ್ ಮೌಂಟಿಂಗ್ ಒಳಗಿನಿಂದ ಸೀಳಿತ್ತು. ನಿಂತ ಗಾಡಿಯಲ್ಲಿ ಎಂಜಿನ್ನಿನ ಭಾರಕ್ಕೆ ಆ ಸೀಳು ಮುಚ್ಚಿಕೊಂಡಿರುತ್ತಿತ್ತು. ಏರಿನಲ್ಲೋ ಓವರ್‌ಟೇಕಿನಲ್ಲೋ ಜೋರಾಗಿ ಎಳೆದಾಗ ಮಾತ್ರ ಎಂಜಿನ್ ಮೇಲೆದ್ದು, ಸೆನ್ಸರಿನ ವೈರನ್ನು ಜಗ್ಗುತ್ತಿತ್ತು. ಗ್ಯಾರೇಜಿಗೆ ಮರಳಿ ಆ ವೈರನ್ನು ಕತ್ತರಿಸಿ ನೋಡಿದೆ. ಹೊರಗಿನ ಸಿಪ್ಪೆ ಹೊಸದರಂತಿತ್ತು, ಒಳಗಿನ ತಾಮ್ರ ಮಾತ್ರ ತುಂಡಾಗಿತ್ತು. ಜಗ್ಗಿದಾಗ ಬಿಡುತ್ತಿತ್ತು, ಸಡಿಲವಾದಾಗ ಕೂಡುತ್ತಿತ್ತು.

ಹೊಸ ವೈರು ಹಾಕಿ, ಮೌಂಟಿಂಗಿಗೆ ಮೈಸೂರಿನಲ್ಲಿ ರಬ್ಬರ್ ಕೂಡಿಸಿ ತಂದೆ. ಮೂರನೇ ದಿನ ಅದೇ ಏರನ್ನು ಐದು ಸಲ ಹತ್ತಿದೆವು. ಜಯಮ್ಮನ ಕೈ ಮಡಿಲಿನಿಂದ ಏಳಲೇ ಇಲ್ಲ. ಕೊನೆಯ ಸಲ ಮೇಲೆ ತಲುಪಿದಾಗ ಅವರು ನನ್ನ ಕಡೆ ತಿರುಗಿ, ಅಂಗೈಯನ್ನು ಗಾಳಿಯಲ್ಲಿ ನಯವಾಗಿ ಜಾರಿಸಿ ತೋರಿಸಿದರು. ಅದರ ಅರ್ಥವನ್ನು ರಾಮೇಗೌಡ ಹೇಳಬೇಕಾಗಲಿಲ್ಲ. ಅವನು ಕಾರು ಮಾರಲಿಲ್ಲ.

ಆಮೇಲೆ ಎಷ್ಟೋ ಬಗೆಯ ಸ್ಕ್ಯಾನರ್‌ಗಳು ಬಂದವು, ನಾನೂ ಕೊಂಡೆ. ಅವು ದೋಷದ ಅಂಕಿ ಹೇಳುತ್ತವೆ, ಕಾರಣ ಹೇಳುವುದಿಲ್ಲ. ಗಾಡಿ ಬಂದರೆ ಓಡಿಸುವವರನ್ನು ಮಾತ್ರ ವಿಚಾರಿಸಿ ಸುಮ್ಮನಾಗುವ ಅಭ್ಯಾಸವನ್ನು ಅಂದೇ ಬಿಟ್ಟೆ. ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆಂದು ಕೇಳಿ, ಅವರನ್ನೂ ಕರೆಸಿ ಮಾತಾಡಿಸುತ್ತೇನೆ. ಜಯಮ್ಮ ಮೂರು ಸಲ ನನ್ನ ಗ್ಯಾರೇಜಿಗೆ ಬಂದು ಗಂಟೆಗಟ್ಟಲೆ ಕೂತು ಹೋಗಿದ್ದರು. ಉತ್ತರ ಅವರ ಬಳಿ ಇತ್ತು. ನಾನು ಒಮ್ಮೆಯೂ ಕೇಳಿರಲಿಲ್ಲ.