ನೀಮಾ ಹೇಳಿದ ಪಗಾರ

ಕೋವಿಡ್ ಕಳೆದು ಕಾಲೇಜುಗಳೆಲ್ಲ ಮೊದಲಿನಂತೆ ನಡೆಯತೊಡಗಿದ್ದ ವರ್ಷ. ಆಗ ನಾನು ಬೀದರಿನ ಮೈಲೂರಿನಲ್ಲಿದ್ದ ಒಂದು ತೆರಿಗೆ ಸಲಹಾ ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ನನ್ನ ಊರು ಔರಾದ ತಾಲ್ಲೂಕಿನ ಡಾಬಕಾ, ಬಿ.ಕಾಂ. ಓದಿದ್ದು ಭಾಲ್ಕಿಯಲ್ಲಿ. ಕಚೇರಿ ನಡೆಸುತ್ತಿದ್ದ ಶಿವಾಜಿರಾವ್ ಅವರನ್ನು ಗಿರಾಕಿಗಳೂ ನಾನೂ ಕಾಕಾ ಎಂದೇ ಕರೆಯುತ್ತಿದ್ದೆವು. ಅವರು ಪ್ರಶ್ನೆ ಕೇಳುತ್ತಿದ್ದರು, ನಾನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದೆ. ಶಾಲಾ ಮಾಸ್ತರರು, ಕಿರಾಣಿ ಅಂಗಡಿಯವರು, ನಿವೃತ್ತ ಪೊಲೀಸರು ನಮ್ಮಲ್ಲಿಗೆ ಬರುತ್ತಿದ್ದರು. ಹೊರದೇಶದವರ ರಿಟರ್ನ್ ಅದುವರೆಗೆ ನಾವು ಮುಟ್ಟಿರಲಿಲ್ಲ.

ಜುಲೈ ತಿಂಗಳ ಗದ್ದಲದಲ್ಲಿ ನೀಮಾ ಬಂದಳು. ಟಾಂಜಾನಿಯಾದ ಹುಡುಗಿ. ಬೀದರಿನ ಒಂದು ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮನೆಯವರು ಕಳಿಸಿದ್ದ ಫೀಸಿನ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಳು. ಅದರ ಬಡ್ಡಿಯಲ್ಲಿ ಬ್ಯಾಂಕಿನವರು ಟಿಡಿಎಸ್, ಅಂದರೆ ಮುಂಗಡವಾಗಿಯೇ ತೆರಿಗೆ ಹಿಡಿದಿದ್ದರು. ರಿಟರ್ನ್ ಸಲ್ಲಿಸಿದರೆ ಅದು ಮರಳಿ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ಹೇಳಿದ್ದು ಸರಿಯೇ ಆಗಿತ್ತು.

ವಿದೇಶಿ ವಿದ್ಯಾರ್ಥಿಯ ರಿಟರ್ನ್‌ನಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ರೆಸಿಡೆನ್ಶಿಯಲ್ ಸ್ಟೇಟಸ್. ತೆರಿಗೆಯ ಲೆಕ್ಕಕ್ಕೆ ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದಕ್ಕಿಂತ ಒಬ್ಬರು ಇಲ್ಲಿ ಎಷ್ಟು ಕಾಲ ಇದ್ದರು ಎನ್ನುವುದು ಮುಖ್ಯ. ಕಾಕಾ ಪುಸ್ತಕ ತೆಗೆದು, ನೀಮಾಳ ಪಾಸ್‌ಪೋರ್ಟಿನ ಮುದ್ರೆಗಳನ್ನು ಒಂದೊಂದಾಗಿ ನೋಡಿ, ತಮ್ಮ ಗುರುಗಳಿಗೆ ಫೋನ್ ಹಚ್ಚಿ ಕೇಳಿ ಅದನ್ನು ನಿರ್ಧರಿಸಿದರು. ಅಲ್ಲಿ ನಾವು ತಪ್ಪಲಿಲ್ಲ. ಕಷ್ಟದ ಭಾಗ ಮುಗಿಯಿತು ಎಂದುಕೊಂಡೆವು.

ಮುಂದಿನ ಪ್ರಶ್ನೆಯನ್ನು ಕಾಕಾ ದಿನಕ್ಕೆ ಹತ್ತಾರು ಮಂದಿಗೆ ಕೇಳುವಂತೆಯೇ ಕೇಳಿದರು.

"ತಿಂಗಳಾ ತಿಂಗಳಾ ಏನರೆ ಬರ್ತದೇನವ್ವಾ ನಿನಗ?"

"ಬರ್ತದ್ರಿ ಕಾಕಾ. ಪಗಾರ ಬರ್ತದ. ಕಾಲೇಜಿನ ಆಫೀಸಿನಾಗ ಕೊಡ್ತಾರ್ರಿ."

ಅವಳ ಬಾಯಲ್ಲಿ ನಮ್ಮ ಬೀದರಿನ ಮಾತು ಕೇಳಿ ಕಚೇರಿ ನಗೆಯಿಂದ ತುಂಬಿಹೋಯಿತು. ಬೆಂಚಿನ ಮೇಲಿದ್ದ ಮಾಸ್ತರರೊಬ್ಬರು ಎದ್ದೇ ನಿಂತರು. ಇನ್ನೊಮ್ಮೆ ಹೇಳು ಎಂದರು. ಅವಳು ಹೇಳಿದಳು. ಈ ಕನ್ನಡ ಹಾಸ್ಟೆಲಿನ ಅಡುಗೆಯವ್ವ ಕಲಿಸಿದ್ದು ಎಂದಳು. ಊಟಕ್ಕೆ ಏನು ಸೇರುತ್ತದೆ, ನಿಮ್ಮೂರಲ್ಲಿ ಜೋಳ ಬೆಳೆಯುತ್ತದೆಯೇ ಎಂದು ಎಲ್ಲರೂ ಸುತ್ತುವರಿದು ಕೇಳಿದರು. ಕೇಳಿದ್ದಕ್ಕೆಲ್ಲ ಅವಳು ಪ್ರತಿ ಮಾತಿಗೆ 'ರಿ' ಹಚ್ಚಿ ಉತ್ತರ ಕೊಟ್ಟಳು.

"ಬೆಂಗಳೂರಿನವರಿಗಿ ಈಕೀನ ಕರಕೊಂಡ ಹೋಗಿ ತೋರಸ್ರಿ. ನಮ್ಮ ಮಾತಿಗಿ ನಗತಾರಲ್ಲ, ಅವರಿಗಿ ತಿಳೀಲಿ," ಎಂದರು ಮಾಸ್ತರರು.

ನಾನೂ ನಗುತ್ತಲೇ ಸ್ಯಾಲರಿ ಎಂಬ ಭಾಗ ತೆರೆದು ಮೊತ್ತ ತುಂಬಿದೆ. ಎಂಪ್ಲಾಯರ್ ಎಂಬಲ್ಲಿ, ಎಂದರೆ ಕೆಲಸ ಕೊಟ್ಟವರು ಯಾರು ಎಂಬಲ್ಲಿ, ಕಾಲೇಜಿನ ಹೆಸರು ಬರೆದೆ. ಕಾಕಾ ಒಮ್ಮೆ ಕಣ್ಣಾಡಿಸಿ ಹೂಂ ಎಂದರು. ಎಲ್ಲ ಸೇರಿಸಿದರೂ ಆದಾಯ ತೆರಿಗೆಯ ಮಿತಿಯೊಳಗೇ ಇತ್ತು. ಹಾಗಾಗಿ ಇಲಾಖೆಯಿಂದ ತಕರಾರು ಬರಲಿಲ್ಲ, ಹಿಡಿದ ತೆರಿಗೆ ಮರಳಿ ಬಂತು. ನೀಮಾ ಪೇಡೆ ತಂದು ಹಂಚಿದಳು.

ನಮಗೆ ಆಗ ತಿಳಿಯಲಿಲ್ಲ, ಆದರೆ ಪಗಾರ ಎಂದು ಅವಳು ಹೇಳಿದ್ದು ಸ್ಕಾಲರ್‌ಶಿಪ್ಪಿಗೆ. ಅವಳ ದೇಶದ ಒಂದು ಟ್ರಸ್ಟ್ ಓದಿನ ಖರ್ಚಿಗೆಂದು ಕಾಲೇಜಿನ ಮೂಲಕ ಕೊಡುತ್ತಿದ್ದ ಹಣ ಅದು. ಅಂಥ ಹಣಕ್ಕೆ ತೆರಿಗೆ ಇಲ್ಲ. ಅದನ್ನು ತೋರಿಸುವುದಾದರೆ ವಿನಾಯಿತಿ ಇರುವ ಆದಾಯದ ಪಟ್ಟಿಯಲ್ಲಿ ತೋರಿಸಬೇಕು. ಆದರೆ ಹಾಸ್ಟೆಲಿನಲ್ಲಿ ಅಡುಗೆಯವ್ವ ತಿಂಗಳ ಮೊದಲ ವಾರ "ಪಗಾರ ಬಂತೇನವ್ವಾ?" ಎಂದು ಕೇಳುತ್ತಿದ್ದಳು, ಇವಳು "ಬಂತ್ರಿ" ಎನ್ನುತ್ತಿದ್ದಳು. ತಿಂಗಳಿಗೊಮ್ಮೆ ಕೈಗೆ ಬರುವುದೆಲ್ಲ ನಮ್ಮ ಕಡೆ ಪಗಾರವೇ. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ದೀಪಾವಳಿಯ ಮುಂಚೆ ನೀಮಾಳ ವೀಸಾ ಮುಂದುವರಿಸುವ ಅರ್ಜಿ ಹೋಯಿತು. ಓದಿನ ಖರ್ಚಿಗೆ ಹಣವಿದೆ ಎಂದು ತೋರಿಸಲು ಬ್ಯಾಂಕಿನ ಕಾಗದಗಳ ಜೊತೆ ನಾವು ತುಂಬಿದ ರಿಟರ್ನ್ ಪ್ರತಿಯನ್ನೂ ಅವಳು ಲಗತ್ತಿಸಿದ್ದಳು. ವಿದೇಶಿಯರ ನೋಂದಣಿ ನೋಡಿಕೊಳ್ಳುವ ಕಚೇರಿಯಿಂದ ಕರೆ ಬಂತು. ರಿಟರ್ನ್ ಬಗ್ಗೆ ಏನೋ ಕೇಳಬೇಕಂತೆ, ನೀನೇ ಹೋಗಿ ಬಾ ಎಂದು ಕಾಕಾ ನನ್ನನ್ನು ಅವಳ ಜೊತೆ ಕಳಿಸಿದರು. ಡ್ಯೂಟಿಯಿಂದ ನೇರ ಬಂದಿದ್ದರಿಂದ ಅವಳು ಬಿಳಿ ಯೂನಿಫಾರ್ಮಿನಲ್ಲೇ ಇದ್ದಳು. ನರ್ಸಿಂಗ್ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ಪಡೆಯುವ ತರಬೇತಿಗೂ ಡ್ಯೂಟಿ ಎಂದೇ ಹೇಳುತ್ತಾರೆ.

ಅಧಿಕಾರಿ ನಮ್ಮ ಔರಾದ ಕಡೆಯವರೇ ಎಂದು ಮಾತಿನಲ್ಲೇ ತಿಳಿಯಿತು. ಅವರು ಇಂಗ್ಲಿಷಿನಲ್ಲಿ ಶುರು ಮಾಡಿದರು. ನೀಮಾ ಕನ್ನಡದಲ್ಲಿ ನಮಸ್ಕಾರ ಹೇಳಿದಳು. ಅವರ ಮುಖ ಅರಳಿತು, ಅವರೂ ಕನ್ನಡಕ್ಕೆ ಇಳಿದರು. ಮುಂದೆ ನಡೆದದ್ದು ನನಗೆ ಇವತ್ತಿಗೂ ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ ಮತ್ತೆ ಮತ್ತೆ ಕೇಳಿಸುತ್ತದೆ.

"ಪಗಾರ ಬರ್ತದೇನಮ್ಮಾ ನಿನಗ?"

"ಬರ್ತದ್ರಿ ಸಾಹೇಬ್ರ. ತಿಂಗಳಾ ಬರ್ತದ."

"ಡ್ಯೂಟಿ ಎಲ್ಲಿ?"

"ಈಗ ಕಮಠಾಣದ ದವಾಖಾನ್ಯಾಗ್ರಿ. ಮುಂಜಾನಿ ಹೋಗ್ತೇನಿ, ಸಂಜಿಗಿ ಬರ್ತೇನಿ."

ಅವರು ಎರಡನ್ನೂ ಬರೆದುಕೊಂಡರು. ಬರೆಯುವಾಗ ಅವರ ಮುಖದಲ್ಲಿ ಮೊದಲಿನ ನಗು ಇರಲಿಲ್ಲ. ನೀಮಾಳ ಮುಖದಲ್ಲಿ ಇನ್ನೂ ಇತ್ತು. ಯಾವುದೋ ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರಿಸಿದವಳಂತೆ ಅವಳು ನನ್ನ ಕಡೆ ನೋಡಿದಳು. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಸಂಬಳಕ್ಕೆ ದುಡಿಯುವಂತಿಲ್ಲ. ದುಡಿಯುತ್ತೇನೆ ಎಂದು ಅವಳು ತನ್ನ ಬಾಯಿಂದಲೇ, ಎಲ್ಲೂ ತಡವರಿಸದೆ ಹೇಳಿಬಿಟ್ಟಿದ್ದಳು. ರಿಟರ್ನ್‌ನಲ್ಲಿ ನಾನು ಬರೆದದ್ದೂ ಅದನ್ನೇ ಹೇಳುತ್ತಿತ್ತು.

"ನೀಮಾ, ಇಂಗ್ಲಿಷಿನಾಗ ಹೇಳು," ಎಂದೆ.

ಅವಳ ನಗು ಮಾಸಿತು. "ಯಾಕ ಅಕ್ಕಾ, ನನ್ನ ಕನ್ನಡ ಛಲೋ ಇಲ್ಲೇನ್ರಿ?"

ಅಧಿಕಾರಿ ಪೆನ್ನು ಕೆಳಗಿಟ್ಟರು. "ಆಕಿ ಖರೇ ಹೇಳ್ಲತ್ತಾಳ. ನೀವ್ಯಾಕ ನಡುವ ಬರ್ತೀರಿ ಮೇಡಂ?"

ಸಹಾಯಕ್ಕೆಂದು ಹೋದ ನಾನು ಸಾಕ್ಷಿಗೆ ಪಾಠ ಹೇಳಿಕೊಡುವವಳಂತೆ ಕಂಡಿದ್ದೆ. ಆ ಹಣ ಯಾರು ಕೊಡುತ್ತಾರೆಂದು ನೀಮಾಳನ್ನೇ ಕೇಳಿ ತಿಳಿದು, ಅದು ಸಂಬಳವಲ್ಲ, ಸ್ಕಾಲರ್‌ಶಿಪ್ ಎಂದು ಹೇಳಿದೆ. ಅವರು ರಿಟರ್ನ್ ನನ್ನ ಮುಂದೆ ಸರಿಸಿ ಎಂಪ್ಲಾಯರ್ ಎಂದಿದ್ದಲ್ಲಿ ಬೆರಳಿಟ್ಟರು. ಮೇಲಿನವರಿಗೆ ವರದಿ ಕಳಿಸುವುದು ತಮ್ಮ ಕರ್ತವ್ಯ ಎಂದರು. ವರದಿ ಹೋದರೆ ವೀಸಾ ಮುಂದುವರಿಯುವುದು ಕಷ್ಟ, ದೇಶ ಬಿಟ್ಟು ಹೋಗಬೇಕಾದೀತು ಎಂದೂ ಹೇಳಿದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ನೀಮಾಳ ಕೊನೆಯ ವರ್ಷದ ಪರೀಕ್ಷೆ ಇನ್ನೂ ಮುಂದಿತ್ತು. ನಾನು ಅನುವಾದಿಸುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಅವಳ ಕನ್ನಡ ಅಷ್ಟು ಚೆನ್ನಾಗಿತ್ತು. ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡು ಅವಳು ಕುರ್ಚಿಯ ತುದಿಗೆ ಬಂದಳು.

ಆಗ ನನಗೆ ಡಾಬಕಾದ ನಮ್ಮ ಅಜ್ಜಿ ನೆನಪಾದಳು.

"ಸಾಹೇಬ್ರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮೂರಾಗ ಮುದುಕೇರಿಗಿ ಸರಕಾರದ ಪಿಂಚಣಿ ಬರ್ತದಲ್ರಿ, ಅದಕ್ಕ ಏನಂತಾರ?"

ಅವರು ಕೆಳಗಿಟ್ಟಿದ್ದ ಪೆನ್ನನ್ನು ಎತ್ತಿ ಅದರ ಮುಚ್ಚಳ ಹಾಕಿದರು. ಆಮೇಲೆ, "ನಮ್ಮವ್ವ ಪಗಾರಂತಾಳ," ಎಂದರು.

"ನಿಮ್ಮವ್ವ ಎಲ್ಲಿ ನೌಕರಿ ಮಾಡ್ತಾರ್ರಿ?"

ಅವರು ನಗಲಿಲ್ಲ. ಆದರೆ ತಾವು ಬರೆದುಕೊಂಡದ್ದನ್ನು ಮತ್ತೊಮ್ಮೆ ಓದಿದರು. ಮಾತಿನಿಂದ ಕೆಲಸ ಆಗುವುದಿಲ್ಲ, ಅದು ಸ್ಕಾಲರ್‌ಶಿಪ್ ಎಂದೂ ಕಮಠಾಣದ ಡ್ಯೂಟಿ ಓದಿನ ಭಾಗ ಎಂದೂ ಕಾಲೇಜು ಬರೆದು ಕೊಡಲಿ, ತಪ್ಪು ಹೇಗಾಯಿತೆಂದು ನೀವೂ ಬರೆದು ಕೊಡಿ, ಅಲ್ಲಿಯವರೆಗೆ ವರದಿ ತಡೆಯುತ್ತೇನೆ ಎಂದರು. ನಾವು ಎದ್ದಾಗ ನೀಮಾಳನ್ನು ನೋಡದೆ ನನಗಷ್ಟೇ ಹೇಳಿದರು: "ಆಕಿ ಮಾತು ಕೇಳಿ ನನಗೂ ಖುಷಿ ಆಗಿತ್ರಿ. ಅದಕ್ಕಽ ಕನ್ನಡದಾಗ ಕೇಳ್ದೆ."

ಒಮ್ಮೆ ಸಲ್ಲಿಸಿದ ರಿಟರ್ನ್‌ನಲ್ಲಿ ತಪ್ಪು ಕಂಡರೆ ಗಡುವಿನೊಳಗೆ ಸರಿಪಡಿಸಿ ಮತ್ತೆ ಸಲ್ಲಿಸಬಹುದು. ಅದಕ್ಕೆ ರಿವೈಸ್ಡ್ ರಿಟರ್ನ್ ಎನ್ನುತ್ತಾರೆ. ಗಡುವು ಇನ್ನೂ ಮೀರಿರಲಿಲ್ಲ. ಕಾಕಾ ಅವತ್ತು ಬೇರೆ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿದರು. ಅವಳ ಹೇಳಿಕೆಯಲ್ಲಿ ತಪ್ಪಿಲ್ಲ, ತಿಳಿದುಕೊಂಡ ನಮ್ಮಲ್ಲಿ ತಪ್ಪಿದೆ ಎಂದು ತಮ್ಮ ಲೆಟರ್‌ಹೆಡ್ಡಿನಲ್ಲಿ ಕೈಯಾರೆ ಬರೆದು ಸಹಿ ಹಾಕಿದರು. ಸಿಕ್ಕಿಬಿದ್ದ ಮೇಲೆ ಹಚ್ಚಿದ ತೇಪೆಯಂತೆ ಇದು ಕಾಣಬಹುದೆಂಬ ಭಯ ನಮಗೆ ಇದ್ದೇ ಇತ್ತು. ಸರಿಪಡಿಸಿದ ರಿಟರ್ನ್, ಕಾಲೇಜಿನ ಪತ್ರ ಎಲ್ಲ ಕೊಟ್ಟು ವಾರಗಟ್ಟಲೆ ಕಾದೆವು. ಆ ದಿನಗಳಲ್ಲಿ ಫೋನ್ ಬಂದಾಗಲೆಲ್ಲ ಕಾಕಾ ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಕೊನೆಗೆ ವೀಸಾ ಮುಂದುವರಿಯಿತು.

ಕಾಗದಗಳನ್ನು ಒಯ್ಯಲು ನೀಮಾ ಬಂದ ದಿನ ಕಚೇರಿಯಲ್ಲಿ ನಾವು ಮೂವರೇ ಇದ್ದೆವು. ಬೆಂಚು ಖಾಲಿ ಇದ್ದರೂ ಅವಳು ಕುಳಿತುಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ಕೃತಜ್ಞತೆ ಹೇಳಿದಳು. ಕಾಕಾಗೆ ವಾತಾವರಣ ಹಗುರ ಮಾಡಬೇಕೆನಿಸಿರಬೇಕು. ಹಳೆಯ ರೂಢಿಯಂತೆ, ಯೋಚಿಸದೆ ಕೇಳಿಬಿಟ್ಟರು:

"ಏನವ್ವಾ, ಈ ತಿಂಗಳ ಪಗಾರ ಬಂತೇನು?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಒಂದೊಂದೇ ಶಬ್ದ ಬಿಡಿಸಿ ಹೇಳಿದಳು:

"ನೋ ಸರ್. ಸ್ಕಾಲರ್‌ಶಿಪ್."

ಕಾಕಾ ತಲೆ ತಗ್ಗಿಸಿದರು. ನಾನು ಅವಳನ್ನು ರಸ್ತೆಯವರೆಗೆ ಬಿಡಲು ಹೋದೆ. ಊಟ ಆಯ್ತೇನು ಎಂದು ಕೇಳಿದೆ. ಅವಳು ನನ್ನನ್ನು ನೋಡಿ, ಈ ಪ್ರಶ್ನೆಯಲ್ಲಿ ಏನಾದರೂ ಇದೆಯೇ ಎಂದು ಯೋಚಿಸಿ, "ಯೆಸ್ ಮೇಡಂ" ಎಂದಳು. ಅಕ್ಕಾ ಎನ್ನಲಿಲ್ಲ. ಭಾಲ್ಕಿಗೆ ಓದಲು ಹೋದ ಹೊಸತರಲ್ಲಿ ನನ್ನ ಮರಾಠಿ ಬೆರೆತ ಕನ್ನಡ ಕೇಳಿ ಗೆಳತಿಯರು ಮತ್ತೆ ಮತ್ತೆ ಹೇಳಿಸಿ ನಗುತ್ತಿದ್ದರು. ನಾನು ಆ ವರ್ಷವೆಲ್ಲ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ನಾವು ನೀಮಾಳನ್ನು ಕಂಡು ನಕ್ಕದ್ದು ಪ್ರೀತಿಯಿಂದಲೇ. ಆದರೂ ಅವಳ ಬಾಯಿಯೂ ಹಾಗೆಯೇ ಮುಚ್ಚಿಹೋಯಿತು.

ಈಗ ನನ್ನದೇ ಒಂದು ಸಣ್ಣ ಕಚೇರಿ ಇದೆ. ಎದುರು ಕುಳಿತವರು ಪಗಾರ ಎಂದರೆ ನಾನು ಕೀಬೋರ್ಡಿನಿಂದ ಕೈ ತೆಗೆಯುತ್ತೇನೆ. ಯಾರು ಕೊಡುತ್ತಾರೆ, ಏತಕ್ಕೆ ಕೊಡುತ್ತಾರೆ, ಬದಲಿಗೆ ನೀವು ಏನು ಕೊಡುತ್ತೀರಿ ಎಂದು ಕೇಳುತ್ತೇನೆ. ಊರಿನ ಮುದುಕಿಯರು, "ಇಷ್ಟೂ ತಿಳಿಯಂಗಿಲ್ಲೇನವ್ವಾ ನಿನಗ?" ಎಂದು ಬೈಯುತ್ತಾರೆ. ತಿಳಿಯುವುದಿಲ್ಲ ಎನ್ನುತ್ತೇನೆ. ಪರಿಚಯದ ಶಬ್ದ ಕಿವಿಗೆ ಬಿದ್ದ ಕೂಡಲೇ ನಾವು ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಅದರ ಶುಲ್ಕವನ್ನು ನೀಮಾ ಕೊಟ್ಟಳು.

ಅವಳು ಪರೀಕ್ಷೆ ಪಾಸಾಗಿ ತನ್ನೂರಿಗೆ ಮರಳಿದಳೆಂದು ಕಾಲೇಜಿನವರು ಹೇಳಿದರು. ಹೊರಡುವ ಮುಂಚೆ ಹಾಸ್ಟೆಲಿನ ಅಡುಗೆಯವ್ವನನ್ನು ತಬ್ಬಿಕೊಂಡು ಬಹಳ ಹೊತ್ತು ಏನೇನೋ ಮಾತಾಡಿದಳಂತೆ. ಯಾವ ಭಾಷೆಯಲ್ಲಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.